ಹನ್ನೆರಡು ಡಿವಿಡಿ ಪ್ಲೇಯರ್

2008ರ ಚೆರಿಯ ಪೆರ್ನಾಲಿಗೆ ಎರಡು ವಾರ ಇರುವಾಗ ಉಪ್ಪ ಮಂಗಳೂರಿನಿಂದ ಹನ್ನೆರಡು ಡಿವಿಡಿ ಪ್ಲೇಯರ್ ತಂದರು. ಉಪ್ಪಳದ ಹತ್ತಿರ ನಮ್ಮದೊಂದು ಜೀನಸಿನ ಅಂಗಡಿ. ಅಕ್ಕಿ, ಬೆಲ್ಲ, ತೆಂಗಿನೆಣ್ಣೆ, ಸೋಪು, ಮಳೆಗಾಲಕ್ಕೆ ಕೊಡೆ. ಕರೆಂಟಿನ ಸಾಮಾನು ಅಂತ ಇದ್ದದ್ದು ಬಲ್ಬು ಮತ್ತು ಟಾರ್ಚಿನ ಬ್ಯಾಟರಿ ಮಾತ್ರ. ರಿಕ್ಷಾದಿಂದ ರಟ್ಟಿನ ಪೆಟ್ಟಿಗೆಗಳು ಇಳಿಯುವುದನ್ನು ಕಂಡು ಉಮ್ಮ ಕೇಳಿದರು, "ಇದೆಂತ, ಇನ್ನು ಸಿನೆಮಾ ಮಾರ್ಲಿಕ್ಕುಂಟಾ?"

"ಸಿನೆಮಾ ಅಲ್ಲ, ಪೆಟ್ಟಿಗೆ ಮಾತ್ರ. ಒಳಗೆ ಎಂತ ಹಾಕುವುದು ಅಂತ ತೆಗೊಂಡವರಿಗೆ ಬಿಟ್ಟದ್ದು" ಅಂದರು ಉಪ್ಪ.

ಉಪ್ಪನ ಲೆಕ್ಕ ತಪ್ಪಿರಲಿಲ್ಲ. ಅದರ ಹಿಂದಿನ ವರ್ಷ, 2007ರಲ್ಲಿ, ಮೋಸರ್ ಬೇರ್ ಕಂಪನಿ ಸಿನೆಮಾದ ಡಿವಿಡಿಯನ್ನು 34 ರೂಪಾಯಿಗೂ ವಿಸಿಡಿಯನ್ನು 28 ರೂಪಾಯಿಗೂ ಮಾರಲು ಶುರುಮಾಡಿತ್ತು. ಡಿಸ್ಕ್ ಅಗ್ಗವಾಯಿತು, ಆದರೆ ಹೆಸರಿರುವ ಕಂಪನಿಯ ಪ್ಲೇಯರ್ ನಮ್ಮ ಕಡೆಯವರಿಗೆ ಇನ್ನೂ ದುಬಾರಿ. ಉಪ್ಪ ತಂದದ್ದು ಯಾರೂ ಕೇಳಿರದ ಹೆಸರಿನ ಪೆಟ್ಟಿಗೆ. ಎದುರಿನಲ್ಲಿ ಚಿನ್ನದ ಬಣ್ಣದ ಅಕ್ಷರ, ಮೇಲೆ ತೆಳ್ಳಗಿನ ತಗಡು, ಕೈಯಲ್ಲಿ ಹಿಡಿದರೆ ಒಳಗೆ ಏನೂ ಇಲ್ಲವೇನೋ ಎನ್ನುವಷ್ಟು ಹಗುರ. ಒಂದಕ್ಕೆ 1,050 ರೂಪಾಯಿ ಕೊಟ್ಟು ತಂದು 1,250ಕ್ಕೆ ಮಾರಿದರು. ಕೈಯಲ್ಲಿ ಹಣ ಇಲ್ಲದವರು ಮೊದಲು 200 ಕೊಟ್ಟು, ಮತ್ತೆ ತಿಂಗಳಿಗೆ 50ರಂತೆ ಕೊಟ್ಟರೆ ಸಾಕು. ನಗದಿಗೂ ಸಾಲಕ್ಕೂ ಒಂದೇ ಕ್ರಯ. ಬಡ್ಡಿಯ ಮಾತು ನಮ್ಮ ಅಂಗಡಿಯಲ್ಲಿ ಯಾವತ್ತೂ ಇರಲಿಲ್ಲ.

ಗ್ಯಾರಂಟಿ ಕೇಳಿದವರಿಗೆ ಉಪ್ಪ ಆರು ತಿಂಗಳ ಸೀಲು ಹೊಡೆದ ಕಾಗದ ತೋರಿಸುತ್ತಿದ್ದರು. ಅದರ ಜೊತೆಗೆ ಒಂದು ಮಾತು ಸೇರಿಸುತ್ತಿದ್ದರು: "ನನ್ನ ಮಗ ಡಿಪ್ಲೊಮಾ ಕಲೀತಿದ್ದಾನೆ. ಎಂತ ಆದರೂ ಅವನು ನೋಡಿಕೊಳ್ತಾನೆ."

ನಾನು ಆಗ ದಿನಾ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಮಂಗಳೂರಿಗೆ ಹೋಗಿ ಮೆಕ್ಯಾನಿಕಲ್ ಓದುತ್ತಿದ್ದೆ. ಕಲಿಯುತ್ತಿದ್ದದ್ದು ಲೇತು, ಬಾಯ್ಲರು, ಗೇರು. ಡಿವಿಡಿ ಪ್ಲೇಯರಿಗೂ ನನಗೂ ಸಂಬಂಧವೇ ಇರಲಿಲ್ಲ. ಆದರೆ ಊರಿನವರಿಗೆ ಡಿಪ್ಲೊಮಾ ಅಂದರೆ ಡಿಪ್ಲೊಮಾ. ಹಬ್ಬಕ್ಕೆ ಮೊದಲೇ ಹನ್ನೆರಡೂ ಖಾಲಿ.

ಯಾರು ಯಾರು ತೆಗೊಂಡರು ಅಂತ ನನಗೆ ಈಗಲೂ ಹೇಳಲಿಕ್ಕೆ ಬರುತ್ತದೆ. ಮೀನಿನ ವ್ಯಾಪಾರದ ಕಾಕನಿಗೆ ಮಾಪ್ಪಿಳ ಹಾಡಿನ ಆಲ್ಬಮ್ ಬೇಕಿತ್ತು. ಕನ್ನಡ ಶಾಲೆಯ ಮಾಷ್ಟ್ರಿಗೆ ತುಳು ನಾಟಕದ ವಿಸಿಡಿ. ಇನ್ನೊಂದು ಮನೆಯಲ್ಲಿ ಸಿನೆಮಾಕ್ಕೆ ಪ್ರವೇಶವೇ ಇಲ್ಲ, ಅಲ್ಲಿ ಉಸ್ತಾದರ ವಅಳ್ ಮಾತ್ರ. ಮದುವೆ ಕಳೆದ ಮನೆಗಳಿಗೆ ಮದುವೆಯ ಡಿಸ್ಕ್. ಮತ್ತೆ ನಮ್ಮ ಮನೆಯಿಂದ ನಾಲ್ಕನೆಯ ಮನೆಯ ಬೀಡಿ ಕಟ್ಟುವ ಮಾಮಿ. ಅವರ ಹತ್ತಿರ ಇದ್ದದ್ದು ಒಂದೇ ಒಂದು ಡಿಸ್ಕ್. ಶಾರ್ಜಾದಲ್ಲಿದ್ದ ಮಗ ಯಾರದ್ದೋ ಕ್ಯಾಮೆರಾದಲ್ಲಿ ತನ್ನ ಕೋಣೆ, ಅಡುಗೆ ಮಾಡುವ ಜಾಗ, ಜೊತೆಯ ಹುಡುಗರು, ಕೆಲಸದ ಅಂಗಡಿ ಎಲ್ಲ ತೆಗೆದು, ಡಿಸ್ಕಿಗೆ ಹಾಕಿಸಿ, ಊರಿಗೆ ಬರುವವರ ಕೈಯಲ್ಲಿ ಕಳಿಸಿದ್ದ. ಒಂದು ಗಂಟೆಯದ್ದು. ಆಗ ಫೋನಿನಲ್ಲಿ ಮುಖ ಕಾಣುವ ಕಾಲ ಅಲ್ಲ. ವಾರಕ್ಕೊಮ್ಮೆ ಬರುವ ಕರೆಯಲ್ಲಿ ಅರ್ಧ "ಕೇಳ್ತದಾ, ಕೇಳ್ತದಾ" ಎನ್ನುವುದರಲ್ಲೇ ಮುಗಿಯುತ್ತಿತ್ತು. ಮಾಮಿ ಪ್ರತಿ ಶುಕ್ರವಾರ ಮಧ್ಯಾಹ್ನ ಊಟ ಆದ ಮೇಲೆ ಆ ಡಿಸ್ಕ್ ಹಾಕುತ್ತಿದ್ದರು.

ಆ ಅಗ್ಗದ ಪೆಟ್ಟಿಗೆಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಸಿನೆಮಾದ ಡಿವಿಡಿಗಳಿಗೆ ಪ್ರದೇಶದ ಬೀಗ ಇರುತ್ತದೆ. ಭಾರತದ್ದು 5ನೇ ನಂಬರು, ಗಲ್ಫ್ ದೇಶಗಳದ್ದು 2. ದುಬೈಯಿಂದ ದೊಡ್ಡ ಕಂಪನಿಯ ಪ್ಲೇಯರ್ ಹೊತ್ತು ತಂದವರು ಇಲ್ಲಿ ಕೊಂಡ ಡಿಸ್ಕ್ ಹಾಕಿ, ಅದು ಓಡದೆ ತಲೆ ಕೆರೆದುಕೊಂಡದ್ದುಂಟು. ನಮ್ಮ ಪೆಟ್ಟಿಗೆಗೆ ಆ ಬಿಗುಮಾನ ಇರಲಿಲ್ಲ. ಶಾರ್ಜಾದ್ದಾಗಲಿ ಹಂಪನಕಟ್ಟೆಯದ್ದಾಗಲಿ, ಹಾಕಿದ್ದೆಲ್ಲ ಓಡಿಸುತ್ತಿತ್ತು. ಗೀರು ಬಿದ್ದ ಡಿಸ್ಕನ್ನೂ ತಡವರಿಸಿಕೊಂಡು ಮುಂದೆ ಕೊಂಡುಹೋಗುತ್ತಿತ್ತು.

ತೊಂದರೆ ಶುರುವಾದದ್ದು 2009ರ ಮಳೆಗಾಲದಲ್ಲಿ. ಗ್ಯಾರಂಟಿಯ ಆರು ತಿಂಗಳು ಮುಗಿದಿತ್ತು. ನನ್ನ ಪರೀಕ್ಷೆಯೂ ಮುಗಿದು, ಕೆಲಸ ಹುಡುಕುತ್ತಾ ಅಂಗಡಿಯಲ್ಲಿ ಕೂತಿದ್ದೆ. ಮಳೆಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಪೆಟ್ಟಿಗೆಗಳು ಒಂದೊಂದೇ ವಾಪಸು ಬಂದವು. ಮಂಗಳೂರಿನ ಸಗಟು ವ್ಯಾಪಾರಿ ಫೋನಿನಲ್ಲಿ "ಕಾಗದದಲ್ಲಿ ಬರೆದಷ್ಟೇ" ಅಂದ. ಮತ್ತೆ ಉಳಿದದ್ದು ಉಪ್ಪ ಕೊಟ್ಟಿದ್ದ ಇನ್ನೊಂದು ಗ್ಯಾರಂಟಿ, ಅಂದರೆ ನಾನು.

ಲ್ಯಾಬಿನ ರೆಕಾರ್ಡ್ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದಿಟ್ಟಿದ್ದೆ. ಮೂರಕ್ಕೆ ಬೆಲ್ಟ್. ಎರಡಕ್ಕೆ ಪವರ್ ಬೋರ್ಡ್. ಒಂದಕ್ಕೆ ರೋಗವೇ ಇಲ್ಲ. ನಾಲ್ಕಕ್ಕೆ "ನೋ ಡಿಸ್ಕ್". ಇನ್ನೆರಡು ಯಾವತ್ತೂ ರಿಪೇರಿಗೆ ಬರಲೇ ಇಲ್ಲ.

ಬೆಲ್ಟ್ ನನ್ನ ವಿಷಯವೇ. ಡಿಸ್ಕಿನ ತಟ್ಟೆಯನ್ನು ಹೊರಗೆ ತಳ್ಳುವ ಸಣ್ಣ ಮೋಟಾರಿನಿಂದ ಪ್ಲಾಸ್ಟಿಕ್ ಗೇರಿಗೆ ಒಂದು ರಬ್ಬರ್ ಬೆಲ್ಟ್ ಇರುತ್ತದೆ. ಅದು ಸಡಿಲವಾದರೆ ಮೋಟಾರು ಗುಂಯ್ ಅನ್ನುತ್ತದೆ, ತಟ್ಟೆ ಕದಲುವುದಿಲ್ಲ. ಹತ್ತು ರೂಪಾಯಿಯ ಬೆಲ್ಟಿಗಾಗಿ ಜನ ಚಾಕು ಹಾಕಿ ತಟ್ಟೆ ಎಳೆದು ಹಲ್ಲು ಮುರಿದದ್ದೂ ಇತ್ತು. ಪವರ್ ಬೋರ್ಡಿನ ಎರಡರಲ್ಲಿ ಒಂದಕ್ಕೆ ವೋಲ್ಟೇಜ್ ಏರಿಳಿತದ ಪೆಟ್ಟು. ಇನ್ನೊಂದರಲ್ಲಿ ಒಂದು ಹಲ್ಲಿ ಬೆಚ್ಚಗಿನ ಜಾಗ ಹುಡುಕಿ ಹೋಗಿ ಬೋರ್ಡಿನ ಮೇಲೆಯೇ ಸುಟ್ಟು ಅಂಟಿತ್ತು. ರೋಗ ಇಲ್ಲದ್ದು ಮಾಷ್ಟ್ರದ್ದು. "ಸಾಹುಕಾರ್ರೇ, ನಿಮ್ಮ ಮಿಷನ್ ಬಣ್ಣ ಎಲ್ಲ ಕಳ್ಕೊಂಡಿದೆ, ನಾಟಕ ಕಪ್ಪು ಬಿಳುಪು" ಅಂತ ದೂರು. ಮೊಮ್ಮಗ ರಿಮೋಟ್ ಒತ್ತಿ ಆಡುವಾಗ ಪಾಲ್ ಇದ್ದದ್ದು ಎನ್‌ಟಿಎಸ್‌ಸಿ ಆಗಿತ್ತು. ಅವರ ಹಳೆ ಟಿವಿಗೆ ಆ ಬಣ್ಣದ ಭಾಷೆ ಗೊತ್ತಿರಲಿಲ್ಲ. ಐದು ನಿಮಿಷದಲ್ಲಿ ಸರಿಯಾಯಿತು. ಮಾಷ್ಟ್ರು ಇಡೀ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಹೊಗಳಿದರು. ತಲೆಗೆ ಏರಿದ್ದು ಅಲ್ಲಿಂದಲೇ ಇರಬೇಕು.

ಉಳಿದದ್ದು "ನೋ ಡಿಸ್ಕ್". ಪ್ಲೇಯರಿನ ಕಣ್ಣು ಅಂದರೆ ಲೇಸರ್. ಡಿವಿಡಿ ಓದಲಿಕ್ಕೆ 650 ನ್ಯಾನೋಮೀಟರಿನ ಕೆಂಪು ಬೆಳಕು, ಸಿಡಿಗೆ ಕಣ್ಣಿಗೆ ಕಾಣದ 780ರದ್ದು. ಡಿವಿಡಿಯ ಗೆರೆಗಳ ನಡುವಿನ ಅಂತರ 0.74 ಮೈಕ್ರಾನ್, ಅಂದರೆ ಸಿಡಿಯದ್ದರ ಅರ್ಧಕ್ಕಿಂತಲೂ ಕಮ್ಮಿ. ಡಿಸ್ಕ್ ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 1,400 ಸಲ ತಿರುಗುವಾಗ ಬೇಳೆಕಾಳಿನಷ್ಟು ದೊಡ್ಡ ಲೆನ್ಸ್ ಆ ಗೆರೆಯನ್ನು ಬಿಡದೆ ಹಿಡಿಯಬೇಕು. ಕಡಲ ಗಾಳಿ, ಮಳೆಗಾಲದ ತೇವ, ಒಲೆಯ ಹೊಗೆ ಎಲ್ಲ ಸೇರಿ ಲೆನ್ಸಿನ ಮೇಲೆ ಪೊರೆ ಕೂತರೆ ಅದಕ್ಕೆ ಕಾಣುವುದಿಲ್ಲ. ಅಂಗಡಿಯಲ್ಲಿ ಒತ್ತಿ ಮಾಡಿದ ಸಿನೆಮಾ ಡಿಸ್ಕ್ ಒಂದಷ್ಟು ದಿನ ಓಡೀತು. ಬರೆದ ಡಿಸ್ಕ್ ಮೊದಲು ಕೈಕೊಡುತ್ತದೆ. ಮಾಮಿಯ ಡಿಸ್ಕ್ ಬರೆದದ್ದು.

ಇದಕ್ಕೆ ಮದ್ದು, ತಾಳ್ಮೆಯಿಂದ ಲೆನ್ಸ್ ಒರೆಸುವುದು. ಸರಿಯಾಗದಿದ್ದರೆ ಪಿಕಪ್ ಬದಲಿಸುವುದು. ಪಿಕಪ್‌ಗೆ 350 ರೂಪಾಯಿ. ಆದರೆ ನಾನು ಮಂಗಳೂರಿನ ಒಂದು ರಿಪೇರಿ ಅಂಗಡಿಯಲ್ಲಿ ಇನ್ನೊಂದು ದಾರಿ ನೋಡಿದ್ದೆ. ಪಿಕಪ್ಪಿನ ಬದಿಯಲ್ಲಿ ಎಳ್ಳಿನಷ್ಟು ಸಣ್ಣ ಒಂದು ಸ್ಕ್ರೂ ಉಂಟು. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಲೇಸರಿಗೆ ಹೋಗುವ ಕರೆಂಟು ಏರುತ್ತದೆ, ಬೆಳಕು ಜಾಸ್ತಿಯಾಗುತ್ತದೆ. ಮಂಜು ಹಿಡಿದ ಕಣ್ಣಿಗೂ ಕಾಣುತ್ತದೆ. ಖರ್ಚು ಸೊನ್ನೆ, ಸಮಯ ಹತ್ತು ನಿಮಿಷ. ನಾಲ್ಕಕ್ಕೂ ಅದನ್ನೇ ಮಾಡಿದೆ. ನಾಲ್ಕೂ ಓಡಿದವು. ಮಾಮಿಯ ಮನೆಯಲ್ಲಿ ಪೆಟ್ಟಿಗೆ ಇಟ್ಟು, ಟಿವಿಯಲ್ಲಿ ಮಗನ ಮುಖ ಬಂದ ಕೂಡಲೇ "ಇನ್ನು ಹತ್ತು ವರ್ಷ ನೋಡ್ಲಿಕ್ಕಿಲ್ಲ ಮಾಮಿ" ಅಂದೆ. ಅವರು ನನಗೆ ಬೆಲ್ಲದ ಚಾ ಕೊಟ್ಟು, ದುಆ ಮಾಡಿದರು.

ಆ ಸ್ಕ್ರೂ ಯಾಕೆ ಮುಟ್ಟಬಾರದು ಅಂತ ನನಗೆ ಗೊತ್ತಿರಲಿಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಯಾವ ಯಂತ್ರವನ್ನಾದರೂ ಅದರ ಮಿತಿಗಿಂತ ಮೇಲೆ ಓಡಿಸಿದರೆ ಬೇಗ ಸಾಯುತ್ತದೆ ಅಂತ ಮೂರು ವರ್ಷ ಓದಿದವನು ನಾನು. ಲೇಸರ್ ಡಯೋಡ್ ಅಂತೂ ಕರೆಂಟು ಸ್ವಲ್ಪ ಜಾಸ್ತಿಯಾದರೂ ಬಿಸಿಯಾಗಿ ಹಾಳಾಗುವ ಜಾತಿ. ಗೊತ್ತಿದ್ದೂ ತಿರುಗಿಸಿದೆ, ಯಾಕೆಂದರೆ ತಿರುಗಿಸಿದ ಕೂಡಲೇ ಜನ ನಗುತ್ತಿದ್ದರು.

ರಂಜಾನ್ ತಿಂಗಳಲ್ಲಿ ಎರಡು ಪೆಟ್ಟಿಗೆ ವಾಪಸು ಬಂದವು. ಈ ಸಲ ಸ್ಕ್ರೂ ಎಷ್ಟು ತಿರುಗಿಸಿದರೂ ಕೆಂಪು ಬೆಳಕೇ ಇಲ್ಲ. ಸಿಡಿ ಓಡುತ್ತದೆ, ಡಿವಿಡಿ ಇಲ್ಲ. ಮೀನಿನ ಕಾಕ ಅಂಗಡಿಯ ಎದುರು ನಿಂತು ಕೇಳಿದರು, "ಎಂತ ಮಾರಾಯ, ಡಿಪ್ಲೊಮಾ ಎರಡೇ ತಿಂಗಳಿಗಾ?" ನಾನು ಕಂಪನಿಯನ್ನು ಬೈದೆ. ಅಗ್ಗದ ಮಾಲು, ಇಷ್ಟೇ ಬಾಳ್ವಿಕೆ ಅಂದೆ. ಉಪ್ಪ ಏನೂ ಹೇಳದೆ ಅಕ್ಕಿ ಅಳೆಯುತ್ತಿದ್ದರು.

ಮಾಮಿ ಬರಲಿಲ್ಲ. ಅವರದ್ದು ಸರಿಯಿದೆ ಅಂದುಕೊಂಡೆ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅಂಗಡಿಗೆ ಬಂದರು, ಬೀಡಿಯ ಮಜೂರಿ ಸಿಕ್ಕಿದ ದಿನ. ಸೆರಗಿನ ಗಂಟು ಬಿಚ್ಚಿ 50 ರೂಪಾಯಿ ಉಪ್ಪನ ಎದುರು ಇಟ್ಟರು. ಉಪ್ಪ ಪುಸ್ತಕದಲ್ಲಿ ಬರೆದು, "ಮಗ ಹೇಗಿದ್ದಾನೆ, ಶುಕ್ರವಾರ ನೋಡ್ತೀರಲ್ಲ?" ಅಂತ ಸುಮ್ಮನೆ ಕೇಳಿದರು.

"ಇಲ್ಲ, ಅದು ನಿಂತು ಒಂದೂವರೆ ತಿಂಗಳಾಯ್ತು" ಅಂದರು ಮಾಮಿ.

"ಹೇಳಲಿಲ್ಲ ಯಾಕೆ?"

"ಮೋನು ಅಷ್ಟು ಚಂದ ಮಾಡಿ ಕೊಟ್ಟಿದ್ದ. ನಾನೇ ಎಂತದೋ ಒತ್ತಿ ಹಾಳು ಮಾಡಿರಬೇಕು. ಹಣ ಕೊಡ್ತೇನೆ ಅಂತ ಹೇಳಿದ್ದು ಕೊಡ್ಬೇಕಲ್ಲ."

ನಾನು ಸಕ್ಕರೆ ಕಟ್ಟುತ್ತಿದ್ದೆ. ಕಟ್ಟಿದ ನೂಲು ಹರಿಯಲು ಕತ್ತರಿ ಬೇಕಿತ್ತು, ಕತ್ತರಿ ಉಪ್ಪನ ಹತ್ತಿರ ಇತ್ತು. ಕೇಳಲಿಕ್ಕೆ ಬಾಯಿ ಬರಲಿಲ್ಲ.

ಆ ರಾತ್ರಿ ತರಾವೀಹ್ ಮುಗಿಸಿ ಬರುವಾಗ ದಾರಿಯಲ್ಲಿ ಉಪ್ಪನಿಗೆ ಸ್ಕ್ರೂವಿನ ವಿಷಯ ಹೇಳಿದೆ. ಅವರು ಬೈಯ್ಯುತ್ತಾರೆ ಅಂತ ಕಾದೆ. ಗೇಟು ತೆಗೆಯುವಾಗ ಕೇಳಿದ್ದು ಒಂದೇ ಮಾತು: "ಎಷ್ಟಕ್ಕೆ ಹಾಗೆ ಮಾಡಿದ್ದೀ?"

"ನಾಲ್ಕಕ್ಕೆ."

"ನಾಲ್ಕು ಮನೆಗೂ ನೀನೇ ಹೋಗಿ ಹೇಳು. ಕಂಪನಿಯ ತಪ್ಪಲ್ಲ ಅಂತ ಹೇಳು. ಹಣ ನಾನು ಕೊಡ್ತೇನೆ."

ಮರುದಿನ ಮಂಗಳೂರಿಗೆ ಹೋಗಿ ಮೂರು ಪಿಕಪ್ ತಂದೆ. ನಾಲ್ಕನೆಯದ್ದು ಇನ್ನೂ ಓಡುತ್ತಿತ್ತು. ಬಿಚ್ಚಿ ನೋಡಿದರೆ, ಅದರ ಲೆನ್ಸನ್ನು ನಾನು ಒರೆಸಿಯೂ ಇದ್ದೆ. ಸ್ಕ್ರೂ ಹಿಂದಕ್ಕೆ ತಿರುಗಿಸಿದರೂ ಡಿಸ್ಕ್ ಓಡಿತು. ಅದಕ್ಕೆ ಒರೆಸಿದ್ದೇ ಸಾಕಾಗಿತ್ತು. ಬಹುಶಃ ನಾಲ್ಕಕ್ಕೂ ಸಾಕಾಗುತ್ತಿತ್ತು.

ಮೀನಿನ ಕಾಕ ಸತ್ಯ ಕೇಳಿ ನಕ್ಕುಬಿಟ್ಟರು. ಇನ್ನೊಂದು ಮನೆಯವರು ಎರಡು ದಿನ ಮಾತಾಡಲಿಲ್ಲ. ಮಾಮಿಯ ಮನೆಯ ಚಿಟ್ಟೆಯಲ್ಲಿ ಕೂತು ಪಿಕಪ್ ಹಾಕಿ, "ನೀವು ಒತ್ತಿದ್ದರಿಂದ ಅಲ್ಲ ಮಾಮಿ, ನಾನು ಸುಟ್ಟದ್ದು" ಅಂದೆ. ಅವರಿಗೆ ಸ್ಕ್ರೂ, ಡಯೋಡ್ ಏನೂ ಅರ್ಥ ಆಗಲಿಲ್ಲ. ಆದರೆ ತಾನು ಹಾಳು ಮಾಡಿದ್ದಲ್ಲ ಅನ್ನುವುದು ಅರ್ಥ ಆಯಿತು. "ಹಾಗಾದರೆ ಒಳ್ಳೆಯದಾಯ್ತು" ಅಂದರು. ಅವರದ್ದು ಬಾಕಿ ಇದ್ದದ್ದು 450. ಉಪ್ಪ ಆ ಪುಟಕ್ಕೆ ಅಡ್ಡಗೆರೆ ಎಳೆದಿದ್ದರು.

ಲೆಕ್ಕ ಹೇಳುತ್ತೇನೆ. ಹನ್ನೆರಡರ ಲಾಭ 2,400. ಪಿಕಪ್ಪಿಗೆ 1,050, ಪವರ್ ಬೋರ್ಡಿಗೆ 300, ಬೆಲ್ಟಿಗೆ 30, ಮಾಮಿಯ ಬಾಕಿ 450. ಉಳಿದದ್ದು 570 ರೂಪಾಯಿ. ಉಪ್ಪ ಮತ್ತೆ ಕರೆಂಟಿನ ಸಾಮಾನು ತರಲಿಲ್ಲ. ಆದರೆ "ನನ್ನ ಮಗ ನೋಡಿಕೊಳ್ತಾನೆ" ಅನ್ನುವುದನ್ನು ನಿಲ್ಲಿಸಲಿಲ್ಲ. ನನಗೆ ಆಗ ಅದು ಬೈಗುಳಕ್ಕಿಂತ ಭಾರ ಅನಿಸಿತ್ತು.

ಈಗ ನಾನು ಮಂಗಳೂರಿನ ಒಂದು ಐಸ್ ಪ್ಲಾಂಟಿನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹೊಸ ಹುಡುಗರು ಪ್ರೆಶರ್ ಏರಿಸಿ ಇವತ್ತಿನ ಕೆಲಸ ಮುಗಿಸುವ ಅಂದಾಗ ನನಗೆ ಎಳ್ಳಿನಷ್ಟು ಸಣ್ಣ ಆ ಸ್ಕ್ರೂ ನೆನಪಾಗುತ್ತದೆ.

ನಿಮ್ಮ ಮನೆಯ ಕಪಾಟಿನಲ್ಲೂ ಮದುವೆಯದ್ದೋ ಗಲ್ಫಿನದ್ದೋ ಡಿಸ್ಕ್ ಇದ್ದರೆ ಈ ವಾರವೇ ಪೆನ್‌ಡ್ರೈವಿಗೆ ಹಾಕಿಸಿ. ಬರೆದ ಡಿಸ್ಕಿನಲ್ಲಿ ಚಿತ್ರ ಇರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು ಮತ್ತು ತೇವಕ್ಕೆ ಆ ಬಣ್ಣ ಮಾಸುತ್ತದೆ. ಇದನ್ನು ನಾನೂ ತಡವಾಗಿ ಕಲಿತೆ. 2020ರ ಲಾಕ್‌ಡೌನ್ ಸಮಯದಲ್ಲಿ ಮಾಮಿಯ ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಐವತ್ತು ನಿಮಿಷ ಬಂತು. ಡಿಸ್ಕ್ ಒಳಗಿನಿಂದ ಹೊರಗೆ ಓಡುವುದರಿಂದ ಕೊನೆಯ ಹತ್ತು ನಿಮಿಷ ಹೊರ ಅಂಚಿನಲ್ಲಿತ್ತು. ಅಂಚು ಹೋಗಿತ್ತು. ಏನು ಮಾಡಿದರೂ ಬರಲಿಲ್ಲ.

ಮಗ ಆಗಲೇ ಊರಿಗೆ ಬಂದು ನೆಲೆಸಿದ್ದ, ಹಣ್ಣಿನ ಅಂಗಡಿ ಇಟ್ಟಿದ್ದ. ಆ ಹತ್ತು ನಿಮಿಷದಲ್ಲಿ ಏನಿತ್ತು ಅಂತ ಅವನಿಗೇ ನೆನಪಿಲ್ಲ. ಮಾಮಿಗೆ ಇತ್ತು. ಒಲೆಯ ಎದುರು ಕೂತು, ಅವನು ಟೆರೇಸಿಗೆ ಹತ್ತಿದ್ದು, ಗಾಳಿಗೆ ಅವನ ಮುಂಡು ಹಾರಿದ್ದು, ಪಕ್ಕದ ಹುಡುಗ ನಕ್ಕದ್ದು, ಮತ್ತೆ ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಸಲಾಂ ಹೇಳಿದ್ದು, ಎಲ್ಲವನ್ನೂ ಸಾಲಾಗಿ ಹೇಳಿದರು. ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ನಾನು ಫೋನು ತೆಗೆದು ಅವರ ಮಾತನ್ನು ರೆಕಾರ್ಡ್ ಮಾಡಿದೆ. ಹತ್ತು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿಯೇ ಬಂತು.