ಬಯಲುಸೀಮೆಯಲ್ಲಿ ಕಡಲ ಹುಡುಕಾಟ

ಹಿರಿಯೂರಿನಿಂದ ಚಿತ್ರದುರ್ಗದ ಕಡೆ ಹೊರಟು ಐಮಂಗಲ ದಾಟಿದರೆ, ಹೆದ್ದಾರಿಯಿಂದ ತುಸು ಒಳಕ್ಕೆ ಮರಡಿಹಳ್ಳಿ. ಸುತ್ತಲೂ ಜಾಲಿ, ಕಳ್ಳಿ, ನಡುನಡುವೆ ಶೇಂಗಾ, ಈರುಳ್ಳಿಯ ಹೊಲಗಳು. ಮಳೆಗಾಗಿ ಮುಗಿಲು ನೋಡುವ ಸೀಮೆ. ಇಲ್ಲಿಯ ಹಸಿರುಗಪ್ಪು ಬಂಡೆಗಳ ಮೇಲೆ ಮಕ್ಕಳನ್ನು ನಿಲ್ಲಿಸಿ, 'ನೀವು ನಿಂತಿರುವುದು ಸಮುದ್ರದ ತಳದಲ್ಲಿ' ಎಂದು ಹೇಳಿದೆವು. ಮಕ್ಕಳು ಒಮ್ಮೆ ಕಾಲಡಿ ನೋಡಿದರು, ಒಮ್ಮೆ ಬಿಸಿಲಿಗೆ ಹೊಳೆಯುವ ಬಯಲನ್ನು ನೋಡಿದರು. ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

ಬಂಡೆಯ ಮೈಯೆಲ್ಲ ದಿಂಬುಗಳು. ಒಂದರ ಮೇಲೊಂದು, ಒಂದಕ್ಕೊಂದು ಒತ್ತಿಕೊಂಡು, ಮೇಲೆ ಉಬ್ಬಿ, ಕೆಳಗೆ ಚೂಪಾಗಿ ಕೂತಿವೆ. ಭೂವಿಜ್ಞಾನಿಗಳು ಇದನ್ನು ದಿಂಬು ಲಾವಾ ಅನ್ನುತ್ತಾರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ನೆಲ ಬಿರಿದು ಲಾವಾ ಉಕ್ಕಿತು. ತಣ್ಣೀರು ತಾಗಿದೊಡನೆ ಹೊರಮೈ ಗಟ್ಟಿಯಾಯಿತು, ಒಳಗಿನ ಬೆಂಕಿ ಮಾತ್ರ ಹರಿಯುತ್ತಲೇ ಇತ್ತು. ಆ ತೊಗಲು ಒಡೆದಲ್ಲಿ ಇನ್ನೊಂದು ಉಂಡೆ ಹೊರಬಂತು, ಅದೂ ಗಟ್ಟಿಯಾಯಿತು. ಹೊಸ ದಿಂಬು ಮೆತ್ತಗಿರುವಾಗಲೇ ಹಳೆಯ ದಿಂಬುಗಳ ಸಂದಿಗೆ ಇಳಿಯುವುದರಿಂದ ಅದರ ಅಡಿ ಚೂಪಾಗುತ್ತದೆ. ಆದ್ದರಿಂದ ಬಂಡೆ ಎಷ್ಟೇ ಮಗುಚಿ ಬಿದ್ದಿರಲಿ, ಅಂದು ಆಕಾಶ ಯಾವ ಕಡೆಗಿತ್ತು ಎಂದು ದಿಂಬು ನೋಡಿ ಹೇಳಬಹುದು. ಇದನ್ನು ಕೇಳಿದ್ದೇ ತಡ, ಮಕ್ಕಳು ಬಂಡೆಯಿಂದ ಬಂಡೆಗೆ ಓಡಿ ಅಂದಿನ ಆಕಾಶ ಹುಡುಕತೊಡಗಿದರು. ನನ್ನ ಮಗಳು ಹೊಟ್ಟೆಯ ಮೇಲೆ ಮಲಗಿ ಒಂದು ದಿಂಬಿನ ಅಂಚಿನ ಗುಂಟ ಬೆರಳಾಡಿಸುತ್ತಿದ್ದಳು. ಅಂಚು ನುಣುಪು, ನಡುವೆ ತರಿತರಿ. ಬೇಗ ಆರಿದ ಕಲ್ಲಿಗೂ ನಿಧಾನ ಆರಿದ ಕಲ್ಲಿಗೂ ಇರುವ ವ್ಯತ್ಯಾಸ ಅವಳ ಬೆರಳಿಗೆ ಗೊತ್ತಾಗಿತ್ತು.

ನಮ್ಮ ಜೊತೆ ಬಂದಿದ್ದ ತಾಯಿಯೊಬ್ಬರು ಮರದ ನೆರಳಲ್ಲಿ ಸ್ಟೌ ಹಚ್ಚಿ ಮೇಣ ಕರಗಿಸಿದರು. ಬೋಗುಣಿಯ ತಣ್ಣೀರಿಗೆ ಅದನ್ನು ಸುರಿದಾಗ ಮೇಣ ಉಂಡೆಯುಂಡೆಯಾಗಿ ಕಟ್ಟಿಕೊಂಡಿತು. ಹೊರಗೆ ಸಿಪ್ಪೆ, ಹಿಸುಕಿದರೆ ಒಳಗಿನ್ನೂ ಮೆತ್ತಗೆ. ಚಿಕ್ಕವನೊಬ್ಬ ಆ ಉಂಡೆಯನ್ನು ಬಂಡೆಯ ಪಕ್ಕ ಹಿಡಿದು ಎರಡನ್ನೂ ನೋಡುತ್ತ ಬಹಳ ಹೊತ್ತು ಕೂತ. ಹೊರಡೋಣ ಎಂದು ಯಾರೂ ಅವನನ್ನು ಎಬ್ಬಿಸಲಿಲ್ಲ.

ನಾವು ಬೆಂಗಳೂರಿನ ಕೆಲವು ಹೋಂಸ್ಕೂಲಿಂಗ್ ಕುಟುಂಬಗಳು. ಮಕ್ಕಳನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಕಲಿಸುತ್ತಿದ್ದೇವೆ. 14 ತುಂಬಿದ ಮೇಲೆ ಎನ್‌ಐಒಎಸ್‌ ಎಂಬ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟುವ ದಾರಿ ಇದೆ. ಅಲ್ಲಿಯವರೆಗೆ ಪೀರಿಯಡ್ಡಿನ ಗಂಟೆ ಇಲ್ಲ, ಇಷ್ಟು ಹೊತ್ತಿಗೆ ಇಷ್ಟು ಜಾಗ ಮುಗಿಸಬೇಕೆಂಬ ಅವಸರವಿಲ್ಲ. ಹೊರಡುವ ಮುನ್ನ ಜಾಗಗಳ ಪಟ್ಟಿ ಮಾಡುವುದಿಲ್ಲ, ಮಕ್ಕಳು ಕೂತು ಒಂದು ಪ್ರಶ್ನೆ ಆರಿಸುತ್ತಾರೆ. ಈ ಸಲದ್ದು: ನೀರಿಲ್ಲದ ಊರಿನಲ್ಲಿ ಜನ ಹೇಗೆ ಬದುಕಿದರು? ಅದಕ್ಕೆ ಚಿತ್ರದುರ್ಗ ಜಿಲ್ಲೆಗಿಂತ ಒಳ್ಳೆಯ ಪುಸ್ತಕ ನನಗೆ ತಿಳಿದಿಲ್ಲ.

ಮರಡಿಹಳ್ಳಿಗೆ ಮೊದಲು ವಾಣಿವಿಲಾಸ ಸಾಗರ ನೋಡಿದ್ದೆವು. ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ ವೇದಾವತಿಯನ್ನು ಕಲ್ಲು ಗಾರೆಯ ಗೋಡೆಯಿಂದ ತಡೆದು 1907ರಲ್ಲಿ ಮುಗಿಸಿದ ಅಣೆಕಟ್ಟು ಅದು. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹನ್ನೊಂದರ ಹುಡುಗನೊಬ್ಬ ಕಳೆಯುವ ಲೆಕ್ಕ ಮಾಡಿ 'ಎಂಬತ್ತೊಂಬತ್ತು ವರ್ಷ' ಎಂದವನು, ತಡೆದು, 'ಕಟ್ಟಿದವರಿಗೆ ಇದು ಮತ್ತೆ ತುಂಬುತ್ತೆ ಅಂತ ಹೇಗೆ ನಂಬಿಕೆ ಇತ್ತು?' ಎಂದ. ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ತಕ್ಷಣದ ಉತ್ತರವಿರಲಿಲ್ಲ. ಹುಡುಗ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಉತ್ತರದ ಒಂದು ತುಂಡು ಮರುದಿನ ಚಂದ್ರವಳ್ಳಿಯಲ್ಲಿ ಸಿಕ್ಕಿತು. ಚಿತ್ರದುರ್ಗದ ಗುಡ್ಡಗಳ ಮಡಿಲಲ್ಲಿರುವ ಈ ಕಣಿವೆಗೆ ಬೆಳಗಿನ ಹೊತ್ತು ಹೋಗಬೇಕು. ಬಂಡೆಗಳ ನಡುವೆ ಕೆರೆ, ಭೈರವೇಶ್ವರನ ಗುಡಿ, ಗುಡಿಯ ಹತ್ತಿರದ ಬಂಡೆಯ ಮೇಲೆ ಮೂರೇ ಸಾಲಿನ ಒಂದು ಶಾಸನ. ಭಾಷೆ ಪ್ರಾಕೃತ. ಕನ್ನಡ ನಾಡಿನ ಮೊದಲ ದೇಶೀಯ ಅರಸುಮನೆಯೆನಿಸಿದ ಕದಂಬರ ಮೂಲಪುರುಷ ಮಯೂರಶರ್ಮ ಅದರಲ್ಲಿ ತಾನು ಗೆದ್ದ ರಾಜ್ಯಗಳ ಹೆಸರು ಹೇಳಿಸಿದ್ದಾನೆ. ಆದರೆ ಶಾಸನ ಹುಟ್ಟಿದ್ದು ಗೆಲುವಿಗಾಗಿ ಅಲ್ಲ, ಕೆರೆಗಾಗಿ. ಅವನು ಮಾಡಿಸಿದ ಕೆರೆಯ ಸುದ್ದಿ ಅದು. ಇಷ್ಟೊಂದು ರಾಜ್ಯ ಗೆದ್ದವನು ನೆನಪಿಗೆಂದು ಕಲ್ಲಿನಲ್ಲಿ ಬರೆಸಿದ್ದು ಒಂದು ಕೆರೆಯ ಮಾತನ್ನು!

ಮಯೂರಶರ್ಮನ ಕಥೆ ನಮ್ಮ ಮಕ್ಕಳಿಗೆ ಬೇರೆ ಕಾರಣಕ್ಕೂ ಇಷ್ಟವಾಯಿತು. ತಾಳಗುಂದದ ಶಾಸನ ಹೇಳುವಂತೆ ಅವನು ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋಗಿದ್ದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಅವಮಾನ ತಾಳದೆ ಓದು ಬಿಟ್ಟು ಕತ್ತಿ ಹಿಡಿದ. ಅವನು ಓದು ಮುಗಿಸಿದ್ದರೆ ಕದಂಬರು ಇರುತ್ತಿದ್ದರೇ ಎಂದು ಮಕ್ಕಳು ಕೆರೆಯ ಏರಿಯ ಮೇಲೆ ಕೂತು ವಾದಿಸಿದರು. ಇದೇ ಕಣಿವೆಯ ಮಣ್ಣಿನಲ್ಲಿ ಶಾತವಾಹನರ ನಾಣ್ಯಗಳೂ ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ಸಿಕ್ಕಿವೆ. ನೀರಿದ್ದಲ್ಲಿ ಊರು, ಊರಿದ್ದಲ್ಲಿ ವ್ಯಾಪಾರ. ಇದನ್ನು ನಾವು ಹೇಳಿಕೊಡಲಿಲ್ಲ. ಕೆರೆ ನೋಡಿ, ನಾಣ್ಯದ ಮಾತು ಕೇಳಿ ಮಗಳೇ ಹೇಳಿದಳು.

ಚಿತ್ರದುರ್ಗದ ಕೋಟೆಗೆ ಎಲ್ಲರೂ ಹೋಗುತ್ತಾರೆ. ಏಳು ಸುತ್ತು, ಮದಕರಿ ನಾಯಕ, 1779ರಲ್ಲಿ ಹೈದರಾಲಿಯ ವಶವಾದದ್ದು, ಇವೆಲ್ಲ ಪಠ್ಯದಲ್ಲಿವೆ. ನೀರಿನ ಬೆನ್ನು ಹತ್ತಿ ಹೋದವರಿಗೆ ಕಾಣುವ ಕೋಟೆ ಬೇರೆ. ಬೋಳು ಬಂಡೆಯ ಮೇಲೆ ಬಿದ್ದ ಮಳೆಯ ಒಂದು ಹನಿಯೂ ವ್ಯರ್ಥವಾಗದಂತೆ ಅದನ್ನು ಹೊಂಡಗಳಿಗೆ ತಿರುಗಿಸಿದ್ದಾರೆ. ಮೇಲೆ ಗೋಪಾಲಸ್ವಾಮಿ ಹೊಂಡ, ಅದರಿಂದ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಊರಿನ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ. ಮಕ್ಕಳು ಒಂದೊಂದು ಹೊಂಡದ ಬಳಿಯೂ ನಿಂತು ನಕ್ಷೆ ಬರೆಯುತ್ತ ಹೋದರು. ಇಳಿಜಾರು ಎತ್ತ ಇದೆ ಎಂದು ಗೊತ್ತಾಗದಿದ್ದಾಗ ಬಾಟಲಿಯಿಂದ ನಾಲ್ಕು ಹನಿ ಬಂಡೆಯ ಮೇಲೆ ಚೆಲ್ಲಿ ಅದರ ಹಿಂದೆ ಹೋದರು.

ಒನಕೆ ಓಬವ್ವನ ಕಿಂಡಿಯ ಹತ್ತಿರ ತಣ್ಣೀರು ದೋಣಿ ಇದೆ. ಊಟಕ್ಕೆ ಕೂತ ಗಂಡನಿಗೆ ನೀರು ತರಲೆಂದು ಓಬವ್ವ ಹೊರಗೆ ಬಂದಾಗ ಕಿಂಡಿಯಲ್ಲಿ ಶತ್ರುಗಳು ನುಸುಳುವ ಸದ್ದು ಕೇಳಿದಳೆಂದು ಕಥೆ. ನಾವೆಲ್ಲ ಒನಕೆಯನ್ನು ನೆನಪಿಟ್ಟುಕೊಂಡೆವು, ಕೊಡವನ್ನು ಮರೆತೆವು. ಅವಳನ್ನು ಆ ಜಾಗಕ್ಕೆ ಕರೆತಂದದ್ದು ನೀರು. ಇಷ್ಟು ವರ್ಷ ಕೇಳಿದ ಕಥೆಯಲ್ಲಿ ಇದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ದೋಣಿಯಿಂದ ಕಿಂಡಿಗೆ ಎಷ್ಟು ಹೆಜ್ಜೆ ಎಂದು ಅಳೆಯುತ್ತಿದ್ದ ಮಕ್ಕಳಿಂದ ಅದು ತಿಳಿಯಿತು.

ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಬರುವ ಹೊತ್ತಿಗೆ ನಮ್ಮ ಪ್ರಶ್ನೆ ಎರಡು ಸಾವಿರ ವರ್ಷ ಹಿಂದಕ್ಕೆ ಸರಿದಿತ್ತು. ಚಿನ್ನಹಗರಿಯ ಬಯಲಿನಲ್ಲಿ, ಗುಂಡುಗಳ ಗುಡ್ಡದ ಕೆಳಗೆ ಒಂದು ಬಂಡೆ. ಊರವರು ಅದನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1892ರಲ್ಲಿ ಅದನ್ನು ಅಶೋಕನ ಶಾಸನವೆಂದು ಗುರುತಿಸಿದರು. ಅದರ ಲಿಪಿಯಾದ ಬ್ರಾಹ್ಮಿಯಲ್ಲಿ 'ಕ' ಎಂದರೆ ನಮ್ಮ ಲೆಕ್ಕದ ಕೂಡಿಸುವ ಚಿಹ್ನೆ. ಮಕ್ಕಳು ಮನೆಯಲ್ಲೇ ಅಕ್ಷರಗಳನ್ನು ಕಲಿತು, ತಮ್ಮ ಹೆಸರುಗಳನ್ನು ಬ್ರಾಹ್ಮಿಯಲ್ಲಿ ಬರೆದು ಬಂದಿದ್ದರು. ಬಂಡೆಯ ಮುಂದೆ ನಿಂತ ಮಗಳು ಪಿಸುಗುಟ್ಟಿದಳು, 'ಅಮ್ಮಾ, ಅಲ್ಲಿ ಕ ಇದೆ!' ಕ್ರಿಸ್ತಪೂರ್ವ 3ನೆಯ ಶತಮಾನದ ಒಂದು ಕೈ ಬಿಡಿಸಿದ ಅಕ್ಷರವನ್ನು ಒಂಬತ್ತು ವರ್ಷದ ಕಣ್ಣು ಓದಿತು. ನನ್ನ ಮೈ ಜುಮ್ಮೆಂದಿತು.

ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಇದು. ಆ ಇಸಿಲ ಇದೇ ಬಯಲಿನ ಊರು. ಓಲೆ ಶುರುವಾಗುವುದು ಅವರ ಆರೋಗ್ಯ ವಿಚಾರಿಸುತ್ತ. ಮುಂದೆ ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಮಾತುಗಳಿವೆ. ತಂದೆತಾಯಿಯೇ ಗುರುಗಳೂ ಆಗಿರುವ ನಮ್ಮ ಗುಂಪಿನಲ್ಲಿ ಇದು ನಗೆಯೆಬ್ಬಿಸಿತು. ಮಕ್ಕಳು ನಮ್ಮ ಕಡೆ ನೋಡಿದರು, ನಾವು ಅವರ ಕಡೆ ನೋಡಿದೆವು.

ಅದಕ್ಕಿಂತ ದೊಡ್ಡ ಸೋಜಿಗ ಕೊನೆಯಲ್ಲಿದೆ. ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ. ಹೆಸರಿನ ಮುಂದೆ 'ಲಿಪಿಕಾರ' ಎಂಬ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ. ಅಂದರೆ ಆ ಕಡೆಯ ಅಕ್ಷರ ಬಲ್ಲವನೊಬ್ಬ ಅಷ್ಟು ದೂರದಿಂದ ಈ ಬಂಡೆಗೆ ಬಂದನೇ, ಅಥವಾ ಅಲ್ಲಿಂದ ಬಂದವರ ಬಳಿ ಕಲಿತನೇ? ಮಕ್ಕಳಿಗೆ ಅಶೋಕ ಮರೆತುಹೋದ, ಚಪಡನೇ ಗೆಳೆಯನಾದ. ಅವನ ಊರು ಯಾವುದು, ಇಲ್ಲಿಯ ಬಿಸಿಲು ಅವನಿಗೆ ಹೇಗೆ ಅನಿಸಿತು, ಯಾವ ಹೊಳೆಯ ನೀರು ಕುಡಿದ? ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಹತ್ತಿರವೇ ಹೊಳೆ ಇತ್ತು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾ ಸಮಾಧಿಗಳ ಜನ, ಅವರ ಮೇಲೆ ಶಾತವಾಹನರ ಕಾಲದ ಜನ, ಹೀಗೆ ಪದರ ಪದರವಾಗಿ ಊರುಗಳು ಸಿಕ್ಕವು. ದಕ್ಷಿಣ ಭಾರತದ ಪ್ರಾಚೀನ ಕಾಲದ ಲೆಕ್ಕಕ್ಕೆ ಒಂದು ಗಟ್ಟಿ ನೆಲೆ ಸಿಕ್ಕಿದ್ದು ಈ ಗುಂಡಿಗಳಿಂದ.

ಕುರಿ ಹೊಡೆದುಕೊಂಡು ಬಂದ ಅಜ್ಜನೊಬ್ಬರು ನಮ್ಮನ್ನು ನೋಡಿ ನಿಂತರು. 'ಇವತ್ತು ಇಸ್ಕೂಲು ಇಲ್ವೇನ್ರಪ್ಪಾ?' ಎಂದು ಕೇಳಿದರು. 'ಇದೇ ನಮ್ ಸ್ಕೂಲು ತಾತಾ' ಎಂದ ಚಿಕ್ಕವನು. ಅಜ್ಜ ಗಂಭೀರವಾಗಿ ತಲೆಯಾಡಿಸಿ, ಬೇಸಿಗೆಯಲ್ಲಿ ಯಾವ ಗುಂಡಿನ ಸಂದಿಯಲ್ಲಿ ನೀರು ನಿಲ್ಲುತ್ತದೆ, ಯಾವುದು ಮೊದಲು ಬತ್ತುತ್ತದೆ ಎಂದು ಮಕ್ಕಳಿಗೆ ಕೋಲಿನಿಂದ ತೋರಿಸಿದರು. ನಮ್ಮ ಪ್ರವಾಸದ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಕೊಟ್ಟವರು ಅವರೇ.

ಇದನ್ನು ಓದುವವರ ಮಕ್ಕಳು ಶಾಲೆಗೆ ಹೋಗುವವರೇ ಇರಬಹುದು. ಆದರೂ ಒಂದು ಭಾನುವಾರ ಸಾಕು. ಮರಡಿಹಳ್ಳಿಯ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹೆದ್ದಾರಿಯಲ್ಲಿ ದಿನವೂ ಸಾವಿರಾರು ವಾಹನಗಳು ಅದರ ಪಕ್ಕದಲ್ಲೇ ಓಡುತ್ತವೆ, ನಿಲ್ಲುವವರು ಕಡಿಮೆ. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ, ಕುಡಿಯುವ ನೀರು ಕಟ್ಟಿಕೊಳ್ಳಿ. ಬಂಡೆಯ ಚೂರನ್ನೂ ಒಡೆದು ತರಬೇಡಿ, ಶಾಸನದ ಅಕ್ಷರಗಳ ಮೇಲೆ ಕೈಯಾಡಿಸಬೇಡಿ. ಹೊರಡುವ ಮುನ್ನ ಮಕ್ಕಳಿಗೇ ಒಂದು ಪ್ರಶ್ನೆ ಆರಿಸಲು ಬಿಡಿ, ತಲುಪಿದ ಮೇಲೆ ಗಡಿಯಾರ ನೋಡಬೇಡಿ. ಒಂದೇ ಬಂಡೆಯ ಮುಂದೆ ಇಡೀ ಬೆಳಗು ಕಳೆದರೆ ಕಳೆಯಲಿ, ಉಳಿದ ಜಾಗಗಳಿಗೆ ಇನ್ನೊಮ್ಮೆ ಹೋದರಾಯಿತು.