ಎಂಜಿನ್ನನ್ನೇ ಕೇಳೋಣ!

ಮಕ್ಕಳೇ, ಒಂದೇ ಒರಳಿಗೆ ನಾಲ್ವರು ಸರದಿಯಂತೆ ಒನಕೆ ಹಾಕುವುದನ್ನು ಊಹಿಸಿಕೊಳ್ಳಿ. ಧಂ, ಧಂ, ಧಂ, ಧಂ ಎಂಬ ಲಯ ಕೇಳಿಸುತ್ತದೆ. ಒಬ್ಬರ ಪೆಟ್ಟು ತಪ್ಪಿದರೂ ಕೂಡಲೇ ಗೊತ್ತಾಗುತ್ತದೆ, ಅಲ್ಲವೇ? ನಾನು ಏಳನೇ ತರಗತಿಯಲ್ಲಿದ್ದಾಗ ನನ್ನ ಸೋದರಮಾವನ ಅಂಬಾಸಿಡರ್ ಕಾರಿಗೂ ಹೀಗೆಯೇ ಆಯಿತು.

ಅಂಬಾಸಿಡರನ್ನು ನೀವು ನೋಡಿರಲಿಕ್ಕಿಲ್ಲ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ದುಂಡನೆಯ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಮಾವನ ಕಾರಿನ ಪೆಟ್ರೋಲ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್‌ಗಳಿದ್ದವು. ಪ್ರತಿಯೊಂದರಲ್ಲೂ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಮಿಶ್ರಣ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಕಿಡಿಯ ಸರದಿ 1, 3, 4, 2.

ಅದು ಮಳೆಗಾಲ. ಮರುದಿನ ಬೆಳಗ್ಗೆ ನೆರೆಮನೆಯ ಅಜ್ಜನನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಊರಿನಲ್ಲಿದ್ದದ್ದು ಅದೊಂದೇ ಕಾರು. ಸಂಜೆ ಚಾಲೂ ಮಾಡಿದರೆ ಇಡೀ ಕಾರು ಗಡಗಡ ನಡುಗಿತು. "ಕಾರ್ಬುರೇಟರ್ ಹೋಯಿತು. ಹೊಸದಕ್ಕೆ ದುಡ್ಡು ಎಲ್ಲಿಂದ ತರಲಿ?" ಎಂದು ಮಾವ ತಲೆಯ ಮೇಲೆ ಕೈಹೊತ್ತು ಕುಳಿತರು. "ಇಲ್ಲ ಮಾವ, ಪ್ಲಗ್ ಕೆಟ್ಟಿದೆ" ಎಂದು ನಾನು ಪಂಡಿತನಂತೆ ಹೇಳಿದೆ.

ಗ್ಯಾರೇಜಿನ ಮೇಸ್ತ್ರಿ ನಕ್ಕು, "ಎಂಜಿನ್ನನ್ನೇ ಕೇಳೋಣ" ಎಂದರು. ಒಂದೊಂದೇ ಪ್ಲಗ್ಗಿನ ವಯರನ್ನು ಬಿಡಿಸಿ ಎಂಜಿನ್ ಓಡಿಸಿ ನೋಡಿದರು. 1, 2, 4ನೆಯ ವಯರ್‌ಗಳನ್ನು ಬಿಡಿಸಿದಾಗ ಎಂಜಿನ್ ಇನ್ನಷ್ಟು ಸೊರಗಿತು. 3ನೆಯದನ್ನು ಬಿಡಿಸಿದಾಗ ಏನೂ ವ್ಯತ್ಯಾಸವಾಗಲಿಲ್ಲ. ಏಕೆ ಹೇಳಿ? ಆ ಸಿಲಿಂಡರ್ ಮೊದಲೇ ಕೆಲಸ ನಿಲ್ಲಿಸಿತ್ತು! ಕಾರ್ಬುರೇಟರ್ ಇರುವುದು ನಾಲ್ಕಕ್ಕೂ ಸೇರಿ ಒಂದೇ. ಅದು ಕೆಟ್ಟಿದ್ದರೆ ಉಳಿದವುಗಳಿಗೂ ತೊಂದರೆಯಾಗಬೇಕಿತ್ತು. ಮಾವನ ಊಹೆ ಬಿದ್ದುಹೋಯಿತು.

ಬಳಿಕ ಮೇಸ್ತ್ರಿ 2 ಮತ್ತು 3ನೆಯ ಪ್ಲಗ್‌ಗಳನ್ನು ಅದಲುಬದಲು ಮಾಡಿದರು. ನನ್ನ ಮಾತು ನಿಜವಾಗಿದ್ದರೆ ತೊಂದರೆ 2ನೆಯ ಸಿಲಿಂಡರಿಗೆ ಹೋಗಬೇಕಿತ್ತು. ಹೋಗಲಿಲ್ಲ. ನಾನು ಪೆಚ್ಚಾದೆ.

ಅಷ್ಟರಲ್ಲಿ ಕತ್ತಲಾಗಿತ್ತು. ಮೇಸ್ತ್ರಿ ದೀಪ ಆರಿಸಿ, "ದೂರದಿಂದಲೇ ನೋಡು" ಎಂದರು. 3ನೆಯ ವಯರಿನಿಂದ ಎಂಜಿನ್ನಿನ ಲೋಹಕ್ಕೆ ಚಟ್ ಚಟ್ ಎಂದು ನೀಲಿ ಕಿಡಿ ಹಾರುತ್ತಿತ್ತು! ಹುಲ್ಲಿನ ಬಣವೆಯ ಪಕ್ಕ ನಿಲ್ಲಿಸಿದ್ದ ಕಾರಿನೊಳಗೆ ಇಲಿ ನುಗ್ಗಿ ವಯರಿನ ಹೊದಿಕೆಯನ್ನು ಕಡಿದಿತ್ತು. ವಿದ್ಯುತ್ತಿಗೆ ಹೊರಗೇ ಸುಲಭದ ದಾರಿ ಸಿಕ್ಕಿದ್ದರಿಂದ ಪ್ಲಗ್ಗಿನಲ್ಲಿ ಕಿಡಿ ಹೊಮ್ಮುತ್ತಿರಲಿಲ್ಲ. ಮೇಸ್ತ್ರಿ ಬೇರೊಂದು ವಯರ್ ಹಾಕಿದರು. ಲಯ ಮರಳಿತು. ಅಜ್ಜ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪಿದರು.

ಇದನ್ನು ನೀವು ಮಾಡಿ ನೋಡಬೇಡಿ. ಬ್ಯಾಟರಿಯದು 12 ವೋಲ್ಟ್ ಮಾತ್ರ. ಆದರೆ ಇಗ್ನಿಷನ್ ಕಾಯಿಲ್ ಅದನ್ನು 10,000 ವೋಲ್ಟಿಗೂ ಮೀರಿ ಏರಿಸುತ್ತದೆ. ಅದನ್ನು ಮುಟ್ಟುವುದು ಅಪಾಯ.

ನಿಮ್ಮ ಮನೆಯ ಟಾರ್ಚ್ ಉರಿಯದಿದ್ದರೆ ಮೇಸ್ತ್ರಿಯ ವಿಧಾನವನ್ನು ಅಲ್ಲಿ ಬಳಸಿ. ಸೆಲ್, ಬಲ್ಬ್, ಸ್ವಿಚ್ ಇವುಗಳಲ್ಲಿ ಯಾವುದು ಕೆಟ್ಟಿದೆ? ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಟಾರ್ಚ್ ಉರಿದೀತು, ಆದರೆ ಕಾರಣ ತಿಳಿಯದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಏನಾಯಿತೆಂದು ಬರೆದಿಟ್ಟುಕೊಂಡು ನಿಮ್ಮ ಶಿಕ್ಷಕರಿಗೆ ತೋರಿಸುತ್ತೀರಲ್ಲವೇ?