ಗಡಿ ದಾಟದ ಬಸ್ಸು

ಮಹಾರಾಷ್ಟ್ರದ ಸಾಂಗ್ಲಿ ಪಕ್ಕದ, ನಮ್ಮ ಚಿಕ್ಕಂದಿನ ಕುಪವಾಡದಲ್ಲಿ ಏಕತೆಯ ಬಗ್ಗೆ ಯಾರೂ ಭಾಷಣ ಮಾಡಿದ ನೆನಪಿಲ್ಲ. ಮನೆಯೊಳಗೆ ಕನ್ನಡ, ಅಂಗಳಕ್ಕಿಳಿದರೆ ಮರಾಠಿ. ‘ಮಜ್ಜಿಗಿ ಬೇಕೇನ್ರೀ ಕಾಕೂ’ ಎಂದು ಅವ್ವ ಕನ್ನಡದಲ್ಲೇ ಕೂಗಿದರೆ, ಪಕ್ಕದ ಮನೆಯವರು ಮರಾಠಿಯಲ್ಲಿ ಏನೋ ಅಂದು ತಂಬಿಗೆ ಚಾಚುತ್ತಿದ್ದರು. 1943ರಲ್ಲಿ ಸಾಂಗ್ಲಿ ಜೈಲಿನಿಂದ ತಪ್ಪಿಸಿಕೊಂಡು ಗುಂಡೇಟು ತಿಂದ ಸ್ವಾತಂತ್ರ್ಯ ಹೋರಾಟಗಾರ ವಸಂತದಾದಾ ಪಾಟೀಲರ ಕಥೆಯನ್ನು ಅಜ್ಜ ಹೇಳುತ್ತಿದ್ದದ್ದೂ ಕನ್ನಡದಲ್ಲೇ. ದಾದಾ ಅವನಿಗೆ ‘ನಮ್ಮಾಂವ’.

ಅಪ್ಪನ ಜೊತೆ ಸಾಂಗ್ಲಿಯ ಅರಿಷಿಣ ಪೇಟೆಗೆ ಹೋದಾಗ ಕಂಡ ಗುಮಾಸ್ತರೊಬ್ಬರು ಇನ್ನೂ ಕಣ್ಣಿಗೆ ಕಟ್ಟಿದಂತಿದ್ದಾರೆ. ಬೆರಳ ಸಂದಿಗಳಲ್ಲೆಲ್ಲ ಅರಿಷಿಣ, ಕಿವಿಯ ಮೇಲೆ ಪೆನ್ಸಿಲ್ಲು. ಅಥಣಿ ಕಡೆಯ ರೈತ ಬಂದರೆ ಪಟ್ಟಿಯನ್ನು ಮರಾಠಿಯಲ್ಲಿ ಬರೆದು, ಕೆಳಗೆ ಮೊತ್ತವನ್ನು ಮತ್ತೊಮ್ಮೆ ಕನ್ನಡ ಅಂಕಿಯಲ್ಲಿ ಬರೆದು, ‘ನೋಡ್ಕೋರಿ ಗೌಡ್ರ, ಬರೋಬರಿ ಐತಿಲ್ಲ?’ ಎನ್ನುವರು. ಹಾಗೆ ಬರೆಯಬೇಕೆಂದು ಅವರಿಗೆ ಯಾವ ಸರಕಾರವೂ ಆಜ್ಞೆ ಮಾಡಿರಲಿಲ್ಲ. ಸಾಂಗ್ಲಿ ಪಕ್ಕದ ಹರಿಪುರದ ನೆಲದೊಳಗಿನ ಹಗೇವುಗಳಲ್ಲಿ ಎರಡೂ ಕಡೆಯವರ ಅರಿಷಿಣ ಕೆಡದೆ ಉಳಿಯುತ್ತಿತ್ತು. 2005ರ ಕೃಷ್ಣೆಯ ಮಹಾಪೂರ ಆ ಹಗೇವುಗಳನ್ನೂ ಹಾಳುಮಾಡಿತು.

ಈ ಒಡನಾಟ ಇಂದು ನಿನ್ನೆಯದಲ್ಲ. ಪಟವರ್ಧನ ಅರಸರ ಕಾಲದಲ್ಲಿ, ಈಗ ಕರ್ನಾಟಕದಲ್ಲಿರುವ ಶಿರಹಟ್ಟಿ, ತೇರದಾಳಗಳು ಸಾಂಗ್ಲಿ ಸಂಸ್ಥಾನದವು, ಲಕ್ಷ್ಮೇಶ್ವರ ಮಿರಜಿನದು. 1948ರಲ್ಲಿ ಸಂಸ್ಥಾನಗಳು ಹೋದವು, 1956ರಲ್ಲಿ ಕನ್ನಡಕ್ಕೊಂದು ರಾಜ್ಯ ಬಂತು. ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದೆಡೆ ಸೇರಿದ್ದು ಸಣ್ಣ ಮಾತಲ್ಲ. ಅಜ್ಜ ಆ ದಿನ ಊರಿಗೆಲ್ಲ ಬೆಲ್ಲ ಹಂಚಿದ್ದನಂತೆ. ಆದರೆ ನಮ್ಮ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಹಳ್ಳಿಗಳು ಅದರ ಆಚೆಯೇ ಉಳಿದವು. ಗಡಿ ವಿವಾದದ ಮೇಲೆ ಬಂದ 1967ರ ಮಹಾಜನ ಆಯೋಗದ ವರದಿ ಅಲ್ಲಿಯ ಹಲವು ಹಳ್ಳಿಗಳನ್ನು ಕರ್ನಾಟಕಕ್ಕೆ ಕೊಡಬೇಕೆಂದಿತು. ಆಗ ಎರಡೂ ರಾಜ್ಯಗಳಲ್ಲಿ, ದಿಲ್ಲಿಯಲ್ಲಿ ಕಾಂಗ್ರೆಸ್ಸಿನದೇ ಆಡಳಿತ. ದೇಶದ ಐಕ್ಯದ ಮಾತು ಅವರ ಬಾಯಲ್ಲೂ ಧಾರಾಳವಾಗಿತ್ತು, ವರದಿ ಮಾತ್ರ ಹಾಗೇ ಬಿದ್ದಿತು.

2012ರಲ್ಲಿ ಜತ್ತದ ಹಳ್ಳಿಗಳು, ನಮಗೆ ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಠರಾವು ಮಾಡಿದವು. ಹತ್ತು ವರ್ಷದ ಮೇಲೆ, 2022ರ ನವೆಂಬರಿನಲ್ಲಿ, ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಆ ಠರಾವನ್ನು ನೆನಪಿಸಿದರು, ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಅದು ಹಳೆಯದೆಂದರು. ಇಬ್ಬರೂ ಒಂದೇ ಪಕ್ಷದವರು, ಅಖಂಡ ಭಾರತದ ಮಾತಾಡುವ ಪಕ್ಷದವರು. ಡಿಸೆಂಬರಿನಲ್ಲಿ ಗಡಿ ಜಗಳ ಹೊತ್ತಿಕೊಂಡು ಬಸ್ಸುಗಳಿಗೆ ಮಸಿ ಬಿತ್ತು, ಲಾರಿಗಳಿಗೆ ಕಲ್ಲು ಬಿತ್ತು, ಎರಡೂ ವಿಧಾನಸಭೆಗಳು ಒಂದಿಂಚೂ ಬಿಡೆವೆಂದು ನಿರ್ಣಯ ಮಾಡಿದವು. ಬಾಯಾರಿದ ಹಳ್ಳಿಯ ಕೊಡಪಾನದ ಮಾತು ಆ ಗದ್ದಲದಲ್ಲಿ ಎಲ್ಲಿ ಹೋಯಿತೋ!

ನಮ್ಮ ಕುಪವಾಡವೂ ಈಗ ಹಳ್ಳಿಯಲ್ಲ. 1998ರಲ್ಲಿ ಸಾಂಗ್ಲಿ, ಮಿರಜಗಳ ಜೊತೆ ಸೇರಿ ಮಹಾನಗರಪಾಲಿಕೆಯಾಯಿತು. ಎಂಐಡಿಸಿ ಕೈಗಾರಿಕಾ ವಸಾಹತಿನ ಕಾರ್ಖಾನೆಗಳಿಂದ ಕೈಗೆ ಕೆಲಸ ಸಿಕ್ಕಿದೆ, ಮಕ್ಕಳು ಓದಿದ್ದಾರೆ. ಅದರ ಋಣ ಮರೆಯಲಾರೆ. ಆದರೆ ಪಾಳಿ ಮುಗಿಸಿ ಬಂದವರಿಗೆ ಕಟ್ಟೆಯ ಮೇಲೆ ಕೂರಲು ಪುರುಸೊತ್ತಿಲ್ಲ, ಮೊಮ್ಮಕ್ಕಳಿಗೆ ಅವ್ವನ ಕನ್ನಡ ತಿಳಿಯುವುದಿಲ್ಲ. ಚುನಾವಣೆ ಬಂದಾಗ ಓಣಿಗೆ ಬರುವ ಧ್ವನಿವರ್ಧಕದ ಗಾಡಿ, ನಾವೆಲ್ಲ ಒಂದು ಎಂದು ಅರಚುತ್ತದೆ. ಮಿರಜದ ದವಾಖಾನೆಗೆ ವಿಜಯಪುರ, ಬೆಳಗಾವಿ ಕಡೆಯಿಂದ ಬರುವ ಮುದುಕರು ಇಂದಿಗೂ ಕನ್ನಡದಲ್ಲೇ ನೋವು ಹೇಳಿಕೊಳ್ಳುತ್ತಾರೆ. ಆ ಡಿಸೆಂಬರಿನಲ್ಲಿ ಗಡಿಯಲ್ಲಿ ಬಸ್ಸು ನಿಂತ ದಿನಗಳಲ್ಲಿ ಅವರು ಹೇಗೆ ಬಂದರು, ಹೇಗೆ ಹೋದರು ಎಂದು ಆ ಗಾಡಿಯವರಲ್ಲಿ ಒಬ್ಬರೂ ಕೇಳಲಿಲ್ಲ.